ಬೆರಳಿಗೂ ಅಕ್ಷರಕ್ಕೂ ನಡುವೆ

ಬೆರಳಚ್ಚು ಯಂತ್ರದ ಮುಂದೆ ಬಾಳು ಸವೆಸಿದವರಿಗೆ ತಡವೆಂಬುದು ಯಂತ್ರದ ದೋಷವಲ್ಲ, ಬೆರಳಿನ ದೋಷ. ಕೀಲಿಯನ್ನು ಒತ್ತಿದೊಡನೆ ಉಕ್ಕಿನ ಕಡ್ಡಿಯೊಂದು ಮೇಲೆದ್ದು ಕಾಗದವನ್ನು ಬಡಿಯುತ್ತದೆ. ಆ ಸದ್ದೇ ಅಕ್ಷರ ಮೂಡಿತೆಂಬುದಕ್ಕೆ ಸಾಕ್ಷಿ. ಅವಸರದಲ್ಲಿ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದಿರೋ, ಎರಡು ಕಡ್ಡಿಗಳೂ ನಡುದಾರಿಯಲ್ಲಿ ತಳಕು ಹಾಕಿಕೊಂಡು ನಿಲ್ಲುತ್ತವೆ. ಬಿಡಿಸಲು ಹೋದ ಬೆರಳಿಗೆ ಮಸಿ. ಯಂತ್ರವು ತನ್ನ ಸಿಟ್ಟನ್ನು ಹೀಗೆ ಕಣ್ಣೆದುರಿಗೇ ತೋರಿಸುತ್ತಿತ್ತು. ಒಳಗೊಂದು ಹೊರಗೊಂದು ಎಂಬುದು ಅದಕ್ಕೆ ತಿಳಿಯದು.

ಈ ಮಾತನ್ನು ಹೇಳುವ ಅಧಿಕಾರ ನನಗೆ ಸ್ವಲ್ಪ ಉಂಟು. ಶಿವಮೊಗ್ಗೆಯ ಒಂದು ಬೆರಳಚ್ಚು ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಮಕ್ಕಳನ್ನು ತಯಾರು ಮಾಡಿದವನು ನಾನು. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆಯ ಮೇಲೆ ಎಷ್ಟು ಸಾವಿರ ಬೆರಳುಗಳಿಗೆ ದಾರಿ ತೋರಿಸಿದೆನೋ ಲೆಕ್ಕವಿಟ್ಟಿಲ್ಲ. ಶಾಲೆ ಮುಚ್ಚಿತು, ಯಂತ್ರಗಳು ತೂಕಕ್ಕೆ ಹೋದವು. ನಾನು ಕಂಪ್ಯೂಟರಿಗೆ ಬಂದೆ. ಕೆ. ಪಿ. ರಾಯರು ರೂಪಿಸಿದ, ಸರಕಾರವೂ ಒಪ್ಪಿಕೊಂಡ ವಿನ್ಯಾಸವನ್ನು ಕಲಿಯಲು ನನಗೆ ಹದಿನೈದು ದಿನ ಸಾಕಾಯಿತು. ಹಳೆಯ ಎತ್ತಿಗೆ ಹೊಸ ಗಾಡಿ, ಅಷ್ಟೆ.

ನಿವೃತ್ತಿಯ ಬಳಿಕ ಕೈಗೆತ್ತಿಕೊಂಡ ಕೆಲಸವೊಂದಿದೆ. ನನ್ನ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಚೇರಿಯಲ್ಲಿ ದಫ್ತರಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ೧೯೨೩ರಲ್ಲಿ ಆರಂಭವಾದ ಆ ಕಾರ್ಖಾನೆ ಅವರ ಕಾಲಕ್ಕೆ ಒಂದು ಊರನ್ನೇ ಸಾಕುತ್ತಿತ್ತು. ಅವರು ೧೯೪೧ರಿಂದ ೧೯೬೭ರವರೆಗೆ ತಪ್ಪದೆ ದಿನಚರಿ ಬರೆದರು. ಇಪ್ಪತ್ತೇಳು ಪುಸ್ತಕಗಳು. ಕೆಲವನ್ನು ಗೆದ್ದಲು ಮುಟ್ಟಿದೆ, ಕೆಲವನ್ನು ಮಲೆನಾಡಿನ ಥಂಡಿ. ಎಲ್ಲವನ್ನೂ ಅಚ್ಚುಕಟ್ಟಾಗಿ ಕಂಪ್ಯೂಟರಿಗೆ ಇಳಿಸಿ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಂದೊಂದು ಪ್ರತಿ ಕೊಡಬೇಕೆಂಬುದು ನನ್ನ ಹಂಬಲ. ರವೀಂದ್ರನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಬೆಳಗ್ಗೆ ಗಣಪತಿ ದೇವಸ್ಥಾನದ ಗಂಟೆ ಕೇಳಿದ ಮೇಲೆ ಕುಳಿತರೆ ಊಟದ ಹೊತ್ತಿನವರೆಗೆ ಏಳುವುದಿಲ್ಲ.

ಕಳೆದ ವರ್ಷ ಬೇಸಿಗೆ ಕಳೆಯುವ ಹೊತ್ತಿಗೆ ನನಗೊಂದು ಕಳವಳ ಹುಟ್ಟಿತು. ಅಕ್ಷರ ತಡವಾಗಿ ಬರತೊಡಗಿತು. ಹೆಚ್ಚೇನಲ್ಲ, ಎವೆಯಿಕ್ಕುವುದರೊಳಗಿನ ಮಾತು. ಆದರೆ ಕನ್ನಡದಲ್ಲಿ ಆ ತಡ ಎದ್ದು ಕಾಣುತ್ತದೆ. ಇಂಗ್ಲಿಷಿನಲ್ಲಿ ಒಂದು ಕೀಲಿಗೆ ಒಂದು ಅಕ್ಷರ, ಬಂತು, ಕುಳಿತಿತು. ನಮ್ಮಲ್ಲಿ ಹಾಗಲ್ಲ. 'ಉಕ್ಕು' ಎಂದು ಬರೆಯಬೇಕಾದರೆ ಮೊದಲು 'ಉಕ' ಬರುತ್ತದೆ. ಮುಂದಿನ ಕೀಲಿಗೆ ಅದು 'ಉಕ್' ಆಗುತ್ತದೆ. ಅದರ ಮುಂದಿನದಕ್ಕೆ 'ಉಕ್ಕ'. ಕೊನೆಗೆ ಕೊಂಬು ಸೇರಿ 'ಉಕ್ಕು'. ಅಕ್ಷರವು ಕಣ್ಣೆದುರಿಗೇ ಮೂರು ವೇಷ ಕಳಚಿ ನಾಲ್ಕನೆಯದನ್ನು ತೊಡುತ್ತದೆ. ಬೆರಳು ಮುಂದಿನ ಪದಕ್ಕೆ ಹೋದ ಮೇಲೆಯೂ ಕಣ್ಣಿಗೆ ಹಿಂದಿನ ವೇಷವೇ ಕಂಡರೆ ಲಯ ಕೆಡುತ್ತದೆ. ನಾಟಕದಲ್ಲಿ ನಟನ ಬಾಯಿ ಮೊದಲಾಗಿ ಮಾತು ಆಮೇಲಾದಂತೆ.

ಯಂತ್ರದ ಮೇಲೆ ಸಂಶಯಪಡುವ ಮೊದಲು ನಾನು ಸಂಶಯಪಟ್ಟದ್ದು ನನ್ನ ಕೈಯನ್ನು. ಅದಕ್ಕೆ ಕಾರಣವಿತ್ತು. ತಂದೆಯವರ ದಿನಚರಿಯಲ್ಲಿ ೧೯೬೪ರಿಂದಾಚೆಗೆ ಅಕ್ಷರಗಳು ಕುಗ್ಗುತ್ತಾ ಹೋಗುತ್ತವೆ. ೧೯೪೧ರಲ್ಲಿ ಮುತ್ತು ಪೋಣಿಸಿದಂತಿದ್ದ ಕೈಬರಹ ೧೯೬೭ರ ಕೊನೆಗೆ ಇರುವೆಯ ಸಾಲಾಗಿದೆ. ಆ ಸಾಲೂ ನೆಟ್ಟಗಿಲ್ಲ. ಅವರ ಬಲಗೈ ನಡುಗುತ್ತಿದ್ದುದು, ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅವರು ಆಗ ಇದ್ದ ವಯಸ್ಸನ್ನು ನಾನು ದಾಟಿ ಬಹಳ ಕಾಲವಾಯಿತು. ಈ ವಿಚಾರವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಳೆಯೇ ಆಸ್ಪತ್ರೆ, ನಾಡಿದ್ದು ಊರೆಲ್ಲ ಸುದ್ದಿ.

ನನ್ನ ಕಂಪ್ಯೂಟರಿಗೆ ಇನ್ನೊಬ್ಬ ಪಾಲುದಾರನಿದ್ದಾನೆ. ಹಗಲು ನನ್ನದು, ರಾತ್ರಿ ನನ್ನ ತಂಗಿಯ ಮಗನದು. ತಂಗಿಯ ಸಂಸಾರ ಕೆಳಗಿನ ಮನೆಯಲ್ಲಿದೆ. ಹುಡುಗ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ. ಅಂದರೆ ನಮ್ಮ ಕಡೆಯ ಅರ್ಥದಲ್ಲಿ ಮನೆಯಲ್ಲಿದ್ದ. ರಾತ್ರಿ ಹತ್ತರ ಮೇಲೆ ಮಹಡಿ ಹತ್ತಿ, ಕಿವಿಗೆ ಎರಡು ಚಿಪ್ಪು ಕಟ್ಟಿಕೊಂಡು, ಎಲ್ಲೋ ಕಡಲಾಚೆಯ ಹುಡುಗರ ಜತೆ ಬಂದೂಕಿನ ಆಟ ಆಡುತ್ತಿದ್ದ. ನನಗೆ ಅದರಿಂದ ತೊಂದರೆಯಿರಲಿಲ್ಲ. ಆದರೆ ಒಂದು ಸಂಜೆ ತಂಗಿ ಮೇಲೆ ಬಂದಳು. ಸೆರಗಿನ ತುದಿಯಲ್ಲಿ ಒಂದು ಚೀಟಿ.

"ಅಣ್ಣಾ, ಇದು ಅವನ ಅಂಗಿಯ ಜೇಬಿನಲ್ಲಿ ಸಿಕ್ತು. ಒಗೆಯೋಕೆ ಹಾಕುವಾಗ ನೋಡಿದೆ. ನೀನೇ ನೋಡು, ಎಂತ ಇದು?"

ಚೀಟಿಯಲ್ಲಿ ಬರೀ ಅಂಕಿಗಳು. ೧೬-೧೮-೧೮-೩೬. ಅದರ ಕೆಳಗೆ ೧೪-೧೬-೧೬-೩೪. ಅದನ್ನು ಹೊಡೆದು ಹಾಕಿತ್ತು. ಅದರ ಕೆಳಗೆ ಮತ್ತೊಂದು ಸಾಲು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

"ಮಟ್ಕಾ ಅಲ್ಲವಾ?" ಎಂದಳು. ಅವಳ ಧ್ವನಿ ಕೆಳಗಿಳಿದಿತ್ತು. "ಈಗೆಲ್ಲ ಮೊಬೈಲಿನಲ್ಲೇ ಆಡ್ತಾರಂತೆ. ನೀನಾದರೂ ಕೇಳು. ನಾನು ಕೇಳಿದರೆ ನಗ್ತಾನೆ."

ಗಂಡುಮಗುವಿನ ಜೇಬಿನ ಅಂಕಿಗಳಿಗೆ ತಾಯಿ ಅಂಜುವುದು ನಮ್ಮ ಊರಿನಲ್ಲಿ ಹೊಸತಲ್ಲ; ಎಷ್ಟು ಮನೆಗಳ ಬಾಗಿಲು ಆ ಅಂಕಿಗಳಿಂದ ಹಾರಿಹೋಗಿವೆಯೆಂದು ನಮ್ಮ ವಯಸ್ಸಿನವರಿಗೆ ಗೊತ್ತು. ಅಂದು ರಾತ್ರಿ ನಾನು ಮಲಗಲಿಲ್ಲ. ಹುಡುಗ ಬಂದು ದೀಪ ಹಾಕಿದಾಗ ಚೀಟಿಯನ್ನು ಅವನ ಮುಂದಿಟ್ಟೆ.

ಅವನು ನಗಲಿಲ್ಲ. "ಇದು ಮೆಮೊರಿಯ ಟೈಮಿಂಗ್ ಮಾವ. ನಿಮ್ಮ ಕಂಪ್ಯೂಟರಿಗೆ ನೆನಪು ಬರೋದು ತಡ. ಒತ್ತಿದ್ದು ಪರದೆಗೆ ಬರೋದು ತಡ ಆಗ್ತಿದೆ. ನಿಮಗೆ ಅನ್ನಿಸಿಲ್ಲವಾ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಎರಡು ತಿಂಗಳಿಂದ ಎದೆಯಲ್ಲಿ ಬಚ್ಚಿಟ್ಟುಕೊಂಡದ್ದನ್ನು ಇವನು ಯಂತ್ರದ ದೂರಾಗಿ ಆಡಿಬಿಟ್ಟಿದ್ದ.

ಮುಂದಿನ ಕೆಲವು ರಾತ್ರಿ ನಾನು ಅವನ ಶಿಷ್ಯನಾದೆ. ಅವನು ಹೇಳಿದ್ದನ್ನು ನನಗೆ ತಿಳಿದ ರೀತಿಯಲ್ಲಿ ಹೇಳುತ್ತೇನೆ. ನನ್ನ ತಿಳಿವಳಿಕೆಗೆ ನೆರವಾದದ್ದು ಪುಸ್ತಕವಲ್ಲ, ತಂದೆಯವರ ದಫ್ತರಿನ ಕೋಣೆ. ಬಾಲ್ಯದಲ್ಲಿ ಅವರಿಗೆ ಬುತ್ತಿ ಕೊಂಡೊಯ್ದಾಗ ಆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಗಳು. ಅಟ್ಟಗಳ ತುಂಬ ಕೆಂಪು ಬಟ್ಟೆಯ ಕಟ್ಟುಗಳು. ನಡುವೆ ಒಂದೇ ಮೇಜು. ಸಾಹೇಬರ ಕೋಣೆಯಿಂದ ಜವಾನ ಓಡಿಬಂದು ಇಂಥ ವರ್ಷದ ಇಂಥ ಕಡತದ ಇಂಥ ಪುಟ ಬೇಕೆನ್ನುತ್ತಿದ್ದ. ತಂದೆಯವರು ಕಟ್ಟನ್ನು ಇಳಿಸಿ, ಮೇಜಿನ ಮೇಲೆ ಬಿಚ್ಚಿ, ಪುಟ ಹುಡುಕಿ ಓದಿ ಹೇಳಬೇಕು. ಅದೇ ಕಟ್ಟಿನ ಇನ್ನೊಂದು ಪುಟ ಬೇಕೆಂದರೆ ಸುಲಭ. ಮೇಜಿನ ಮೇಲೆಯೇ ಇದೆ. ಬೇರೆ ಕಟ್ಟು ಬೇಕೆಂದರೆ ಇದನ್ನು ಕಟ್ಟಿ ಮೇಲಿಟ್ಟೇ ಅದನ್ನು ಇಳಿಸಬೇಕು.

ಕಂಪ್ಯೂಟರಿನ ನೆನಪೂ ಥೇಟು ಹೀಗೆಯೇ. ಅದು ಸಾಲುಸಾಲಾಗಿ ಜೋಡಿಸಿದ ಸಣ್ಣಸಣ್ಣ ಗೂಡುಗಳ ಉಗ್ರಾಣ. ಚೀಟಿಯ ಮೊದಲನೆಯ ಅಂಕಿ, ಮೇಜಿನ ಮೇಲಿರುವ ಕಟ್ಟಿನಲ್ಲಿ ಪುಟವನ್ನು ಹುಡುಕಿ ಓದಿ ಹೇಳಲು ಬೇಕಾದ ಹೊತ್ತು. ಎರಡನೆಯದು, ಕಟ್ಟನ್ನು ಅಟ್ಟದಿಂದ ಇಳಿಸಿ ಬಿಚ್ಚುವ ಹೊತ್ತು. ಮೂರನೆಯದು, ಅದನ್ನು ಮರಳಿ ಕಟ್ಟಿ ಮೇಲಿಡುವ ಹೊತ್ತು. ನಾಲ್ಕನೆಯದು ವಿಚಿತ್ರವಾದುದು: ಒಮ್ಮೆ ಇಳಿಸಿದ ಕಟ್ಟು ಮೇಜಿನ ಮೇಲೆ ಕಡಮೆಯೆಂದರೆ ಇಷ್ಟು ಹೊತ್ತು ಇರಲೇಬೇಕು ಎಂಬ ಕಟ್ಟಳೆ. ಏಕೆಂದರೆ ಈ ಉಗ್ರಾಣದಲ್ಲಿ ಓದುವುದೆಂದರೆ ಅಳಿಸುವುದು. ಪ್ರತಿ ಗೂಡಿನಲ್ಲೂ ಹಿಡಿಯಷ್ಟು ವಿದ್ಯುತ್ತಿದೆಯೆ ಇಲ್ಲವೆ ಎಂಬುದೇ ಬರಹ. ಇದೆಯೋ ಇಲ್ಲವೋ ಎಂದು ನೋಡಲು ಗೂಡನ್ನು ತೆರೆದರೆ ಇದ್ದುದು ಹೊರಗೆ ಹರಿದುಹೋಗುತ್ತದೆ. ಆದ್ದರಿಂದ ಓದಿದ ಸಾಲನ್ನು ಮೊದಲಿನಂತೆಯೇ ಮತ್ತೆ ತುಂಬಿ ಮೇಲಿಡಬೇಕು. ತುಂಬುವ ಮೊದಲೇ ಅವಸರದಿಂದ ಮೇಲಿಟ್ಟರೆ ಬರಹ ನಾಶ.

ಇದಲ್ಲದೆ ಆ ಗೂಡುಗಳೆಲ್ಲ ಒಸರುವ ಮಡಕೆಗಳು. ಯಾರೂ ಮುಟ್ಟದಿದ್ದರೂ ತಂತಾವೇ ಬರಿದಾಗುತ್ತವೆ. ಆದಕಾರಣ ಸೆಕೆಂಡಿನ ಸಾವಿರದ ೬೪ ಭಾಗದೊಳಗೆ ಉಗ್ರಾಣದ ಪ್ರತಿಯೊಂದು ಸಾಲನ್ನೂ ಒಮ್ಮೆ ತೆಗೆದು ತುಂಬಿ ಇಡುತ್ತಿರಬೇಕು. ಹೀಗೆ ತುಂಬುವ ಸರದಿ ಬಂದಾಗ ಹೊರಗೆ ಎಷ್ಟೇ ದೊಡ್ಡ ಸಾಹೇಬರು ಕಾದಿದ್ದರೂ ಕಿಟಕಿ ಮುಚ್ಚಿರುತ್ತದೆ. ಒಂದು ಟ್ರಾನ್ಸಿಸ್ಟರು, ಒಂದು ವಿದ್ಯುತ್ತಿನ ಗೂಡು, ಇಷ್ಟರಲ್ಲೇ ಒಂದು ನೆನಪನ್ನು ಹಿಡಿದಿಡಬಹುದೆಂದು ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬುವರಿಗೆ ೧೯೬೬ರಲ್ಲಿ ಹೊಳೆಯಿತಂತೆ. ೧೯೬೮ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ತಂದೆಯವರ ದಿನಚರಿ ನಿಂತುಹೋದದ್ದು ಆ ಎರಡು ವರ್ಷಗಳ ನಡುವೆ. ಮರೆಯುವುದೇ ಸ್ವಭಾವವಾದ ಒಂದು ವಸ್ತುವನ್ನು ಹಿಡಿದು ಅದರಿಂದಲೇ ಲೋಕದ ನೆನಪನ್ನೆಲ್ಲ ಕಟ್ಟಿದ ಆ ಮಹಾಶಯರು ೨೦೨೪ರಲ್ಲಿ ತೀರಿಕೊಂಡರು.

ಇನ್ನು ಅಂಕಿಗಳ ಮಾತು. ಇಲ್ಲೊಂದು ಮೋಸವಿದೆ, ಓದುಗರು ಎಚ್ಚರವಾಗಿರಬೇಕು. ನಮ್ಮ ಯಂತ್ರ ಅಂಗಡಿಯಿಂದ ಬಂದಾಗ ಮೊದಲನೆಯ ಅಂಕಿ ೧೫ ಇತ್ತು. ಹುಡುಗ ಅದನ್ನು ೧೬ ಮಾಡಿದ. ಹೊತ್ತು ಹೆಚ್ಚಾಯಿತಲ್ಲ, ಇದೆಂಥ ಸುಧಾರಣೆ ಎಂದು ಕೇಳಿದೆ. ಅಂಕಿಯು ಹೊತ್ತಲ್ಲ, ಹೆಜ್ಜೆಯ ಎಣಿಕೆ ಎಂದ. ಮೊದಲು ನೆನಪಿನ ಫಲಕ ೨೧೩೩ರ ವೇಗದಲ್ಲಿ ನಡೆಯುತ್ತಿತ್ತು. ಅದರ ಒಂದು ಹೆಜ್ಜೆಗೆ ಹೆಚ್ಚುಕಡಮೆ ೦.೯೪ ನ್ಯಾನೊಸೆಕೆಂಡು. ಹದಿನೈದು ಹೆಜ್ಜೆಗೆ ೧೪ ನ್ಯಾನೊಸೆಕೆಂಡು. ಅದೇ ಫಲಕವನ್ನು ಅದರ ಹಣೆಯ ಮೇಲೆ ಬರೆದಿರುವ ೩೨೦೦ರ ವೇಗಕ್ಕೆ ತಂದರೆ ಹೆಜ್ಜೆಯೊಂದಕ್ಕೆ ೦.೬೨೫, ಹದಿನಾರು ಹೆಜ್ಜೆಗೆ ಸರಿಯಾಗಿ ೧೦. ಹೆಜ್ಜೆ ಒಂದು ಹೆಚ್ಚಾದರೂ ಊರು ಬೇಗ ತಲಪಿತು. ೩೨೦೦ ಎಂದು ಹಣ ತೆತ್ತು ತಂದ ಫಲಕವನ್ನು ೨೧೩೩ರಲ್ಲೇ ಬಿಟ್ಟು ಕೊಟ್ಟ ಅಂಗಡಿಯವರ ಹೆಸರು ನಮಗೆ ಬೇಡ. ಬಯಾಸಿನ ಪಟ್ಟಿಯಲ್ಲಿ ಎಕ್ಸ್.ಎಂ.ಪಿ. ಎಂಬ ಒಂದು ಗುಂಡಿಯನ್ನು ಒತ್ತಲು ಅವರಿಗೆ ಪುರುಸೊತ್ತು ಆಗಿರಲಿಲ್ಲ. ಮತ್ತೂ ಒಂದು ಸಂಗತಿ: ಎರಡು ಫಲಕ ಇರಬೇಕಾದ ಕಡೆ ಒಂದೇ ಇತ್ತು. ಎರಡಿದ್ದರೆ ಎರಡು ಮೇಜು, ಇಬ್ಬರು ದಫ್ತರದವರು ಇದ್ದಂತೆ. ಹುಡುಗ ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಗೆಳೆಯನೊಬ್ಬನ ಕೈಯಲ್ಲಿ ಅಂಥದೇ ಎರಡನೆಯ ಫಲಕವನ್ನು ತರಿಸಿದ. ದುಡ್ಡು ನನ್ನದು. ಅದನ್ನು ತಂಗಿಗೆ ತಿಳಿಸಲಿಲ್ಲ.

ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕು ಒಂದಡಿಯಷ್ಟು ದೂರ ಹೋಗುತ್ತದೆ. ಗ್ರೇಸ್ ಹಾಪರ್ ಎಂಬ ಅಮೆರಿಕದ ನೌಕಾದಳದ ವಿದುಷಿ ತಮ್ಮ ಉಪನ್ಯಾಸಗಳಲ್ಲಿ ಅಷ್ಟುದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ಇದೇ ನ್ಯಾನೊಸೆಕೆಂಡು, ಮನೆಗೆ ಕೊಂಡುಹೋಗಿ ಎನ್ನುತ್ತಿದ್ದರಂತೆ. ನಾಲ್ಕು ತುಂಡು ತಂತಿಯ ಉಳಿತಾಯದಿಂದ ನನ್ನ 'ಉಕ್ಕು' ಬೇಗ ಬಂದೀತೆ? ನನ್ನ ಬೆರಳಿನ ತಡ ಮಿಲಿಸೆಕೆಂಡುಗಳಲ್ಲಿ ಅಳೆಯತಕ್ಕದ್ದು. ಒಂದು ಮಿಲಿಸೆಕೆಂಡಿಗೆ ಹತ್ತು ಲಕ್ಷ ನ್ಯಾನೊಸೆಕೆಂಡು. ರೂಪಾಯಿಯ ಸಾಲಕ್ಕೆ ಧೂಳಿನ ಕಣ ತಂದು ತೀರಿಸಿದಂತಾಗಲಿಲ್ಲವೆ? ಈ ಸಂಶಯವನ್ನು ನಾನು ಆಡಿಯೇ ತೋರಿಸಿದೆ. ಮೇಷ್ಟರ ಅಭ್ಯಾಸ, ಸುಮ್ಮನಿರಲು ಬಾರದು.

ಹುಡುಗನ ಉತ್ತರ ನನಗೆ ಹಿಡಿಸಿತು. ಅವನ ಆಟದಲ್ಲಿ ಪರದೆಯ ಒಂದೊಂದು ಚಿತ್ರವನ್ನು ಹೊಸದಾಗಿ ಬರೆಯಲು ಯಂತ್ರವು ಉಗ್ರಾಣಕ್ಕೆ ಒಮ್ಮೆಯಲ್ಲ, ಲಕ್ಷ ಸಲ ಓಡಬೇಕಾಗುತ್ತದೆ. ಒಂದು ಓಟಕ್ಕೆ ೨೫ ನ್ಯಾನೊಸೆಕೆಂಡು ಉಳಿದರೆ ಲಕ್ಷ ಓಟಕ್ಕೆ ಎರಡೂವರೆ ಮಿಲಿಸೆಕೆಂಡು. ಸೆಕೆಂಡಿಗೆ ೧೪೪ ಚಿತ್ರ ಬೇಕೆನ್ನುವವನಿಗೆ ಒಂದು ಚಿತ್ರಕ್ಕೆ ದೊರೆಯುವುದೇ ಏಳು ಮಿಲಿಸೆಕೆಂಡಿಗಿಂತ ಕಡಮೆ. ಅದರಲ್ಲಿ ಎರಡೂವರೆ ಸಣ್ಣದಲ್ಲ. "ಆದರೆ ಮಾವ, ನಿಮ್ಮ ಟೈಪಿಂಗಿಗೆ ಎಷ್ಟು ಉಪಯೋಗ ಆಗ್ತದೋ ನೋಡಬೇಕು. ಅಳೆಯದೆ ಹೇಳಬಾರದು" ಎಂದ. ಅಳೆಯದೆ ಹೇಳಬಾರದೆಂಬ ಮಾತು ಅವನ ಬಾಯಿಂದ ಬಂದಾಗ, ಈ ಹುಡುಗನನ್ನು ಕುರಿತು ನಾವು ಮನೆಯವರು ಬಹಳವಾಗಿ ಅಳೆಯದೆಯೇ ಹೇಳುತ್ತಿದ್ದೇವಲ್ಲ ಎನ್ನಿಸಿತು.

ಅಳೆಯುವ ಉಪಾಯ ಸರಳ. ಈಗಿನ ಮೊಬೈಲುಗಳಲ್ಲಿ ಸೆಕೆಂಡಿಗೆ ೨೪೦ ಚಿತ್ರ ತೆಗೆಯುವ ನಿಧಾನ ಚಲನೆಯ ಸೌಕರ್ಯವಿದೆ. ಕೀಲಿಮಣೆ, ಪರದೆ ಎರಡೂ ಕಾಣುವಂತೆ ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ನಿಲ್ಲಿಸಿದ. ನಾನು 'ಕ' ಒತ್ತಿದೆ. ಆಮೇಲೆ ಇಬ್ಬರೂ ಕುಳಿತು ಚಿತ್ರಗಳನ್ನು ಒಂದೊಂದಾಗಿ ಸರಿಸಿ ಎಣಿಸಿದೆವು: ಕೀಲಿ ತಳ ಮುಟ್ಟಿದ ಚಿತ್ರದಿಂದ ಅಕ್ಷರ ಮೂಡಿದ ಚಿತ್ರದವರೆಗೆ ೩೪. ಒಂದೊಂದಕ್ಕೆ ನಾಲ್ಕು ಚಿಲ್ಲರೆ ಮಿಲಿಸೆಕೆಂಡು. ಒಟ್ಟು ಹೆಚ್ಚುಕಡಮೆ ೧೪೦. ಹತ್ತು ಸಲ ಅಳೆದೆವು. ಒಂದೆರಡು ಚಿತ್ರದ ವ್ಯತ್ಯಾಸ ಬಿಟ್ಟರೆ ಅದೇ ಎಣಿಕೆ. ಇದು ನೆನಪಿನ ಫಲಕಕ್ಕೆ ಕೈ ಹಚ್ಚುವ ಮೊದಲಿನ ಲೆಕ್ಕ. ಇದರಲ್ಲಿ ನನ್ನ ಬೆರಳಿನ ಪಾಲು ಏನೂ ಇಲ್ಲ. ಎಣಿಕೆ ಆರಂಭವಾಗುವುದೇ ಬೆರಳಿನ ಕೆಲಸ ಮುಗಿದ ಮೇಲೆ. ಯಂತ್ರವು ನಿಜವಾಗಿಯೂ ತಡಮಾಡುತ್ತಿತ್ತು. ಆ ಚೀಟಿಯನ್ನು ಮಡಚಿ ನನ್ನ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡೆ.

ಫಲಕ ಜೋಡಿಸಿ ಅಂಕಿಗಳನ್ನು ಬಿಗಿಮಾಡುವ ಕೆಲಸ ಆಷಾಢದ ಮಳೆಯಲ್ಲಿ ನಡೆಯಿತು. ಅದಕ್ಕೂ ಮೊದಲು ಹುಡುಗ ಮಾಡಿದ್ದೇನೆಂದರೆ, ನಾನು ಹೇಳದೆಯೇ ದಿನಚರಿಯ ಕಡತಗಳನ್ನೆಲ್ಲ ಎರಡು ಪೆನ್‌ಡ್ರೈವಿಗೆ ನಕಲು ಮಾಡಿ, ಒಂದನ್ನು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ಅವನ ತಾಯಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟದ್ದು. ಇಷ್ಟೊಂದು ಜಾಗ್ರತೆ ಏಕೆಂದು ಕೇಳಿದೆ. ಅವನು ಕಾಗದ ತೆಗೆದುಕೊಂಡು ಬರೆದು ತೋರಿಸಿದ. ಕಂಪ್ಯೂಟರಿನಲ್ಲಿ 'ಕ' ಎಂಬುದಕ್ಕೂ 'ಗ' ಎಂಬುದಕ್ಕೂ ಒಂದೊಂದು ಸಂಖ್ಯೆಯಿದೆ. ಸೊನ್ನೆ ಒಂದುಗಳಲ್ಲಿ ಬರೆದರೆ ಆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಗೂಡು. ಅವಸರಪಡಿಸಿದ ಉಗ್ರಾಣದಲ್ಲಿ ಆ ಒಂದು ಗೂಡು ತಪ್ಪಿದರೆ 'ಕ' ಹೋಗಿ 'ಗ' ಆಗುತ್ತದೆ. ಯಂತ್ರ ನಿಲ್ಲುವುದಿಲ್ಲ, ಕೂಗುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಕಲ್ಲು ಇದ್ದಲ್ಲಿ ಗಲ್ಲು; ಕಂಡ ಎಂದಿದ್ದಲ್ಲಿ ಗಂಡ.

ನಾನು ನಕ್ಕೆ, ಆಮೇಲೆ ನಗು ನಿಂತಿತು. ತಂದೆಯವರು ೧೯೪೬ರ ಒಂದು ದಿನ ಯಾವುದೋ ಕಲ್ಲನ್ನು ಕಂಡದ್ದು ನನ್ನ ಮೊಮ್ಮಕ್ಕಳ ಕೈಗೆ ಏನಾಗಿ ಹೋಗಿ ಸೇರುತ್ತಿತ್ತೋ! ಮೂಲದ ಪುಸ್ತಕ ಗೆದ್ದಲಿಗೆ ಹೋದ ಮೇಲೆ ಸರಿಯಾವುದು ತಪ್ಪು ಯಾವುದೆಂದು ಹೇಳುವವರಾರು? ಬೆರಳಚ್ಚಿನ ತಪ್ಪಿಗೆ ಬೆರಳು ಜವಾಬು ಹೇಳುತ್ತದೆ. ಇಂಥ ತಪ್ಪಿಗೆ ದಿಕ್ಕಿಲ್ಲ.

ಆದ್ದರಿಂದ ಒಂದೊಂದು ಅಂಕಿ ಬದಲಿಸಿದಾಗಲೂ ಒಂದು ರಾತ್ರಿಯ ಪರೀಕ್ಷೆ. ಮೆಮ್‌ಟೆಸ್ಟ್ ಎಂಬುದೊಂದಿದೆ, ಅದು ಉಗ್ರಾಣದ ಗೂಡುಗಳಲ್ಲೆಲ್ಲ ಗೊತ್ತಾದ ಮಾದರಿಗಳನ್ನು ತುಂಬಿ, ಮತ್ತೆ ಓದಿ, ತುಂಬಿದ್ದೇ ಬಂತೆ ಎಂದು ತಾಳೆ ನೋಡುತ್ತದೆ. ಮೊದಲ ಅಂಕಿಯನ್ನು ೧೪ಕ್ಕೆ ಇಳಿಸಿದ ರಾತ್ರಿ ಯಂತ್ರ ಏಳಲೇ ಇಲ್ಲ; ಕಪ್ಪು ಪರದೆ, ಒಳಗೆ ಪಂಖದ ಸದ್ದು. ನನ್ನ ಎದೆ ಧಸಕ್ಕೆಂದಿತು. ಹುಡುಗ ನಿಶ್ಚಿಂತೆಯಿಂದ ಪೆಟ್ಟಿಗೆ ಬಿಚ್ಚಿ, ನಾಲ್ಕಾಣೆಯಷ್ಟಿರುವ ದುಂಡನೆಯ ಬ್ಯಾಟರಿಯನ್ನು ಕಿತ್ತು, ಕೆಳಗೆ ಹೋಗಿ ಮೊಸರನ್ನ ಉಂಡು ಬಂದು ಮತ್ತೆ ಹಾಕಿದ. ಯಂತ್ರ ಎಲ್ಲವನ್ನೂ ಮರೆತು ಹಸುಗೂಸಿನಂತೆ ಎದ್ದಿತು. ಚೀಟಿಯಲ್ಲಿ ಆ ಸಾಲನ್ನು ಹೊಡೆದು ಹಾಕಿದ್ದು ಏಕೆಂದು ಆಗ ತಿಳಿಯಿತು. ತನ್ನ ಗೆಳೆಯನ ಯಂತ್ರದಲ್ಲೂ ಇದೇ ಆಗಿತ್ತಂತೆ.

ಒಸರುವ ಮಡಕೆಗಳನ್ನು ತುಂಬುವ ಸರದಿಗಳ ನಡುವಿನ ಅಂತರವನ್ನೂ ಅವನು ಹಿಗ್ಗಿಸಿದ. ಕಿಟಕಿ ಮುಚ್ಚುವುದು ಕಡಮೆಯಾದಷ್ಟು ಕೆಲಸ ಬೇಗ. ರಾತ್ರಿಯೆಲ್ಲ ಪರೀಕ್ಷೆ ನಡೆಯಿತು, ಒಂದು ತಪ್ಪೂ ಇಲ್ಲ. ಹೊರಗೆ ಜಡಿಮಳೆ, ಕೋಣೆಯಲ್ಲಿ ಚಳಿಯೆನ್ನುವಷ್ಟು ತಂಪು. ಬೆಳಗ್ಗೆ ನಾನು ಶಾಬಾಸ್ ಎಂದೆ. ಅವನು ತಲೆಯಾಡಿಸಿ, ಕಪಾಟಿನಿಂದ ಟವೆಲು ತೆಗೆದು ಪೆಟ್ಟಿಗೆಯ ಗಾಳಿಗಂಡಿಗೆ ಮುಚ್ಚಿ, ಪರೀಕ್ಷೆಯನ್ನು ಮತ್ತೆ ಹಚ್ಚಿದ. "ಇದು ಜುಲೈ ಮಾವ. ಏಪ್ರಿಲ್‌ನಲ್ಲಿ ಶಿವಮೊಗ್ಗ ಹೇಗಿರ್ತದೆ?" ಸೆಕೆ ಹೆಚ್ಚಿದಷ್ಟೂ ಮಡಕೆ ಬೇಗ ಒಸರುತ್ತದೆ. ಒಂದು ಗಂಟೆಯೊಳಗೆ ಪರದೆಯ ಮೇಲೆ ಕೆಂಪು ಸಾಲುಗಳು ಎದ್ದವು. ಅಂತರವನ್ನು ಅವನು ಮೊದಲಿನಷ್ಟಕ್ಕೇ ತಂದಿಟ್ಟ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಕಲಿಸುತ್ತಾರೋ ಇಲ್ಲವೋ ನಾನರಿಯೆ. ನನ್ನ ಶಾಲೆಯಲ್ಲಿ ಇಂಥ ವಿದ್ಯಾರ್ಥಿಯೊಬ್ಬನಿದ್ದರೆ ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದೆ.

ಈ ನಡುವೆ ತಂಗಿ ಒಂದು ರಾತ್ರಿ ಹಾಲು ತರುವ ನೆಪದಲ್ಲಿ ಮಹಡಿಗೆ ಬಂದು, ಇಬ್ಬರು ಗಂಡಸರು ಟವೆಲು ಹೊದ್ದ ಪೆಟ್ಟಿಗೆಯೊಂದರ ಮುಂದೆ ಕುಳಿತು ಕೆಂಪು ಅಂಕಿಗಳನ್ನು ನೋಡುತ್ತಿರುವುದನ್ನು ಕಂಡಳು. "ನೀನೂ ಸೇರಿಕೊಂಡೆಯಾ ಅಣ್ಣಾ?" ಎಂದಳು. ಕುಳಿತುಕೋ ಎಂದು ದಫ್ತರಿನ ಕೋಣೆಯ ಕತೆಯಿಂದಲೇ ಹೇಳತೊಡಗಿದೆ. ತಂದೆಯವರ ಹೆಸರು ಬಂದೊಡನೆ ಅವಳು ಸೆರಗಿನಿಂದ ಕುರ್ಚಿಯ ಧೂಳು ಕೊಡವಿ ಕುಳಿತಳು. ಅರ್ಥವಾಯಿತೋ ಇಲ್ಲವೋ, ಮಟ್ಕಾ ಅಲ್ಲವೆಂಬುದಂತೂ ಅರ್ಥವಾಯಿತು.

ಎಲ್ಲ ಮುಗಿದ ಮೇಲೆ ಅಂಕಿಗಳು ೧೬-೧೭-೧೭-೩೪ರಲ್ಲಿ ನಿಂತವು. ಆಟದಲ್ಲಿ ವ್ಯತ್ಯಾಸ ನನ್ನ ಕಣ್ಣಿಗೂ ಕಂಡಿತು: ಮೊದಲು ಆಗಾಗ ಎಡವುತ್ತಿದ್ದ ಚಿತ್ರ ಈಗ ತುಂಗೆಯ ನೀರಿನಂತೆ ಹರಿಯುತ್ತಿತ್ತು. ಅತ್ತ ಮೊಬೈಲನ್ನು ಮತ್ತೆ ಉಪ್ಪಿನಕಾಯಿ ಜಾಡಿಗೆ ಒರಗಿಸಿ ನನ್ನ 'ಕ'ವನ್ನು ಅಳೆದೆವು. ೩೩. ಮತ್ತೆ ಅಳೆದೆವು. ೩೪. ಹುಡುಗನ ಮುಖ ಸಣ್ಣದಾಯಿತು. ಮೂರು ವಾರದ ದುಡಿಮೆಯಿಂದ ನನ್ನ ಅಕ್ಷರ ಕೂದಲೆಳೆಯಷ್ಟೂ ಬೇಗ ಬರಲಿಲ್ಲ. ಒಂದು ಅಕ್ಷರಕ್ಕೆ ಉಗ್ರಾಣದ ಓಟ ಬಹಳ ಬೇಕಿಲ್ಲ, ಉಳಿತಾಯವೂ ಇಲ್ಲ.

ಹಾಗಾದರೆ ೧೪೦ ಮಿಲಿಸೆಕೆಂಡು ಎಲ್ಲಿ ಹೋಗುತ್ತಿದೆ? ಅವನು ದಾರಿಯುದ್ದಕ್ಕೂ ಹುಡುಕುತ್ತ ಹೋದ. ಕೀಲಿಮಣೆಯು ಒತ್ತಿದ್ದು ನಿಜವೋ ನಡುಕವೋ ಎಂದು ಕಾದುನೋಡಲು ಐದಾರು. ಯಂತ್ರವು ಕೀಲಿಮಣೆಯನ್ನು 'ಏನಾದರೂ ಇದೆಯೆ' ಎಂದು ವಿಚಾರಿಸಲು ಬರುವ ಸರದಿಗೆ ಎಂಟರವರೆಗೆ. ಪರದೆ ಸೆಕೆಂಡಿಗೆ ಅರುವತ್ತು ಸಲ ಮಾತ್ರ ಬದಲಾಗುವುದರಿಂದ ಅಲ್ಲಿ ಹದಿನಾರು. ಬರೆಯುವ ತಂತ್ರಾಂಶಕ್ಕೂ ಒಂದಿಷ್ಟು. ಎಲ್ಲ ಕೂಡಿಸಿದರೂ ಅರುವತ್ತು ದಾಟದು. ಉಳಿದ ಎಂಬತ್ತು? ಅವನು ತಲೆಯೆತ್ತಿ ಪರದೆಯನ್ನೇ ನೋಡಿದ. ಅದು ಕಂಪ್ಯೂಟರಿನ ಪರದೆಯಲ್ಲ. ಅಕ್ಷರ ದೊಡ್ಡದಾಗಿ ಕಾಣಲೆಂದು ವರ್ಷದ ಹಿಂದೆ ಮಗ ತಂದುಕೊಟ್ಟ ಟೆಲಿವಿಷನ್ನು. ಟೆಲಿವಿಷನ್ನಿಗೆ ಚಿತ್ರವನ್ನು ಬಂದಂತೆ ತೋರಿಸಿ ಅಭ್ಯಾಸವಿಲ್ಲ; ಮೆರುಗು ಕೊಟ್ಟು, ಅಂಚು ತೀಡಿ, ಸಿಂಗರಿಸಿ ತೋರಿಸುತ್ತದೆ. ಸಿನೆಮಾಕ್ಕೆ ಅದು ಸರಿ. ನನ್ನ 'ಕ' ಎಂಬ ಬಡ ಅಕ್ಷರಕ್ಕೂ ಮದುವೆಹೆಣ್ಣಿನ ಅಲಂಕಾರ ಮಾಡಿ ಹೊರಗೆ ಕಳುಹಿಸುತ್ತಿತ್ತು. ಆಟಕ್ಕೆಂದು ಹುಡುಗ ತನ್ನದೇ ಬೇರೆ ಪರದೆಯನ್ನು ತಂದು ಜೋಡಿಸಿಕೊಳ್ಳುತ್ತಿದ್ದುದರಿಂದ ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ರಿಮೋಟಿನಲ್ಲಿ ಗೇಮ್ ಮೋಡ್ ಎಂಬುದನ್ನು ಒತ್ತಿದ. ಅಲಂಕಾರ ನಿಂತಿತು, ಬಣ್ಣ ಕೊಂಚ ಪೇಲವವಾಯಿತು. ಅಳೆದೆವು. ೧೫ ಚಿತ್ರ, ಅರುವತ್ತೆರಡು ಮಿಲಿಸೆಕೆಂಡು. ಕಾಸು ಖರ್ಚಿಲ್ಲ. 'ಉಕ್ಕು' ಎಂದು ಬರೆದೆ. ಬೆರಳಿನ ಹಿಂದೆಯೇ ಬಂದು ಕುಳಿತಿತು. 'ಕಬ್ಬಿಣ' ಎಂದು ಬರೆದೆ. 'ಭದ್ರಾವತಿ' ಎಂದು ಬರೆದೆ. ಹುಡುಗ ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ನಗುತ್ತಿದ್ದ.

ಆದರೂ ಒಂದು ಕಡೆ ಲಯ ತಪ್ಪುತ್ತಿತ್ತು. ಇಷ್ಟರಲ್ಲಿ ಅವನೊಡನೆ ಸಲಿಗೆ ಬೆಳೆದಿತ್ತು. ತಂದೆಯವರ ಕೊನೆಯ ಪುಸ್ತಕವನ್ನು ತೆಗೆದು ಆ ಇರುವೆಯ ಸಾಲನ್ನು ತೋರಿಸಿದೆ. ಬಹಳ ಹೊತ್ತು ನೋಡಿದ. ಏನೂ ಹೇಳದೆ ಮೊಬೈಲನ್ನು ಕೀಲಿಮಣೆಯ ಮೇಲೆ ನೇರವಾಗಿ ಕಟ್ಟಿ, "ಬರೀರಿ ಮಾವ" ಎಂದ. ದಿನಚರಿಯ ಒಂದು ಪುಟ ಬರೆದೆ. ಅದರ ತುಣುಕುಗಳನ್ನು ಅವನು ಎರಡು ದಿನ ಕುಳಿತು ನೋಡಿದ. ಮೂರನೆಯ ದಿನ ಹೇಳಿದ: ಒಂಬತ್ತು ಬೆರಳು ಒಂದೇ ಸಮ ಬೀಳುತ್ತಿವೆ. ಬಲಗೈಯ ಉಂಗುರಬೆರಳು ಮಾತ್ರ ಐದಾರು ಚಿತ್ರದಷ್ಟು ತಡ. "ನಡುಕ ಇಲ್ಲ ಮಾವ. ನಡುಕ ಇದ್ದರೆ ಕೀಲಿಯ ಮೇಲೆ ಬೆರಳು ಎರಡು ಸಲ ಕಾಣ್ತಿತ್ತು. ಬಾಗೋದಕ್ಕೆ ಹೊತ್ತು ತಗೊಳ್ತಿದೆ, ಅಷ್ಟೇ. ಆದರೂ ಡಾಕ್ಟರಿಗೆ ತೋರಿಸಿ." ತೋರಿಸಿದೆ. ಗೆಣ್ಣಿನ ಸಂಧಿವಾತವೆಂದರು, ವಯಸ್ಸಿನದು. ನಡೆಸಿ ನೋಡಿ, ತೋಳು ಬೀಸಿಸಿ ನೋಡಿ, ಬೇರೆಯದಕ್ಕೆ ಅಂಜಬೇಕಾದ್ದಿಲ್ಲವೆಂದರು. ಬಿಸಿನ��ರಿನ ಶಾಖಕ್ಕೆ ಬರೆದುಕೊಟ್ಟರು.

ಹುಡುಗನಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಈಗ ಅಕ್ಕಪಕ್ಕದ ಮೂರು ಮನೆಯವರು ಅವನನ್ನು ಕರೆದು ಯಂತ್ರ ಬಿಚ್ಚಿಸಿದ್ದಾರೆ. ಮೂರರಲ್ಲಿ ಎರಡಕ್ಕೆ ಫಲಕ ಒಂದೊಂದೇ ಇತ್ತಂತೆ. ತಂಗಿ ಅವನ ಅಂಗಿಯ ಜೇಬಿನ ಚೀಟಿಗಳನ್ನು ಒಗೆಯುವ ಮೊದಲು ತೆಗೆದು ದೇವರ ಕೋಣೆಯ ಕಿಟಕಿಯಲ್ಲಿಡುತ್ತಾಳೆ.

ಉಂಗುರಬೆರಳಿಗೆ ಬರುವ ಕೀಲಿಯಲ್ಲಿರುವುದು 'ಲ'; ಜತೆಯ ಕೀಲಿ ಒತ್ತಿ ಹಿಡಿದರೆ ಅದೇ 'ಳ'. ಆ ಅಕ್ಷರವನ್ನು ಬೇರೆ ಬೆರಳಿಗೆ ವರ್ಗ ಮಾಡಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ, ಎಂದು ಹುಡುಗ ಎರಡು ಸಲ ಹೇಳಿದ. ಬೇಡವೆಂದೆ. ಸದ್ಯ ೧೯೪೯ರ ಶ್ರಾವಣದಲ್ಲಿದ್ದೇನೆ. ಪುಟಪುಟಕ್ಕೂ ಮಳೆ, ಹೊಳೆ, ಹೊಲ, ಮಲೆನಾಡು. ಒಂದು ಸಾಲಿನಲ್ಲಿ ಐದು ಕಡೆ ಬೆರಳು ತಡೆಯುತ್ತದೆ. ತಡೆದಲ್ಲಿ ತಲೆಯೆತ್ತಿ ತಂದೆಯವರ ಅಕ್ಷರವನ್ನು ಇನ್ನೊಮ್ಮೆ ನೋಡಿಕೊಂಡು ಮುಂದಕ್ಕೆ ಹೋಗುತ್ತೇನೆ.